ಮಂಡಿ ನೋವಿನ ಜೋಡಿ ಮಾತ್ರೆ: ಎಷ್ಟು ದಿನ, ಯಾರಿಗೆ, ಯಾವುದರ ಜೊತೆ?

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಎರಡೂ ಮಂಡಿ ಸವೆದಿದೆ ಎಂದು ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ್ದಾರೆ. ಹೋದ ವರ್ಷ ಅಸೆಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325 ಎರಡೂ ಸೇರಿದ ಮಾತ್ರೆಯನ್ನು ದಿನಕ್ಕೆರಡು, ಐದು ದಿನಕ್ಕೆ ಬರೆದುಕೊಟ್ಟಿದ್ದರು. ನೋವು ಇಳಿಯಿತು. ಆಮೇಲೆ ಅಮ್ಮ ಖಾಲಿ ಸ್ಟ್ರಿಪ್ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ತರಿಸಿಕೊಂಡು ಏಳೆಂಟು ತಿಂಗಳಿಂದ ನುಂಗುತ್ತಿದ್ದಾರೆ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ, ಶುಗರಿಗೆ ಮೆಟ್‌ಫಾರ್ಮಿನ್, ರಾತ್ರಿ ಎಕೋಸ್ಪ್ರಿನ್ 75 ಇದೆ. ಈಚೆಗೆ ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತಿದೆ. ಈ ಮಾತ್ರೆ ಬ್ಯಾನ್ ಆಗಿದೆ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತು, ನಿಜವೇ? ಇದನ್ನು ಬಿಟ್ಟು ಡಯಾಸೆರಿನ್–ಗ್ಲುಕೋಸಮೈನ್ ಮಾತ್ರೆಗೆ ಹೋಗಬಹುದೇ? ಮಗಳ ಮನೆ ಗೃಹಪ್ರವೇಶ ಹತ್ತಿರ ಬಂದಿದೆ, ಮಾತ್ರೆ ಇಲ್ಲದೆ ಓಡಾಡುವುದು ಹೇಗೆ ಎನ್ನುವುದು ಅಮ್ಮನ ಚಿಂತೆ.

ಉತ್ತರ: ಮೊದಲು ಪಾದದ ಊತದ ವಿಷಯ. ಉಳಿದದ್ದು ಆಮೇಲೆ. ಇವತ್ತಿನಿಂದಲೇ ಆ ನೋವಿನ ಮಾತ್ರೆ ನಿಲ್ಲಿಸಿ. ಹಠಾತ್ತನೆ ನಿಲ್ಲಿಸಿದರೆ ಅಪಾಯ ಆಗುವಂಥ ಮದ್ದು ಅದಲ್ಲ, ನೋವು ತಿರುಗಿ ಬರಬಹುದು ಅಷ್ಟೆ. ಬಿಪಿ ಮಾತ್ರೆ, ಎಕೋಸ್ಪ್ರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್), ಮೆಟ್‌ಫಾರ್ಮಿನ್ ಇವುಗಳನ್ನು ನೀವಾಗಿ ನಿಲ್ಲಿಸಬೇಡಿ. ಒಂದೆರಡು ದಿನದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿಪಿ ನೋಡಲಿ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ಏರುವ ಅಂಶ), ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಲಿವರ್ ಪರೀಕ್ಷೆ, ಜೊತೆಗೆ ಮೂತ್ರ ಪರೀಕ್ಷೆ ಮಾಡಿಸಿ. ತಾಲೂಕು ಆಸ್ಪತ್ರೆಯಲ್ಲೂ ಆಗುವ ಪರೀಕ್ಷೆಗಳೇ ಇವು. ಮೂತ್ರ ಕಡಿಮೆಯಾಗಿದ್ದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋಗುತ್ತಿದ್ದರೆ ಒಂದೆರಡು ದಿನವೂ ಕಾಯಬೇಡಿ. ಅವತ್ತೇ ಹೊರಡಿ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರಿಗೂ ಮಲ ಕಪ್ಪಾಗುತ್ತದೆ. ಅದರಿಂದಲೇ ಇರಬೇಕು ಎಂದು ನೀವೇ ತೀರ್ಮಾನ ಮಾಡಿ ಸುಮ್ಮನಾಗಬೇಡಿ.

ಈಗ ಮಾತ್ರೆಯ ವಿಚಾರ. ಅದರಲ್ಲಿ ಎರಡು ಮದ್ದುಗಳಿವೆ. ಅಸೆಕ್ಲೋಫೆನಾಕ್ ಡೈಕ್ಲೋಫೆನಾಕ್‌ನ ಹತ್ತಿರದ ಸಂಬಂಧಿ. ದೇಹದೊಳಗೆ ಹೋದ ಮೇಲೆ ಅದರ ಸ್ವಲ್ಪ ಭಾಗ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಇದು ನೋವು, ಬಾವು ಎರಡನ್ನೂ ಇಳಿಸುವ ಗುಂಪಿನದ್ದು. ಪ್ಯಾರಾಸಿಟಮಾಲ್ ನಿಮಗೆಲ್ಲ ಗೊತ್ತಿರುವುದೇ, ಜ್ವರಕ್ಕೆ ಕೊಡುತ್ತೇವಲ್ಲ, ಅದು. ಬಾವಿನ ಮೇಲೆ ಅದರ ಪ್ರಭಾವ ತುಂಬಾ ಕಡಿಮೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ, ಹಾಗಾಗಿ ಜೊತೆಗೆ ಕೊಟ್ಟರೆ ನೋವು ಚೆನ್ನಾಗಿ ಇಳಿಯುತ್ತದೆ ಎನ್ನುವುದು ಈ ಜೋಡಿಯ ಹಿಂದಿನ ಲೆಕ್ಕಾಚಾರ. ಮಂಡಿ ಸವೆತದಲ್ಲಿ ಪ್ಯಾರಾಸಿಟಮಾಲ್‌ನ ಪಾಲು ಸಣ್ಣದು. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಇದಕ್ಕೆ ಪ್ಯಾರಾಸಿಟಮಾಲ್ ಅನ್ನು ವಾಡಿಕೆಯಂತೆ ಕೊಡಬೇಡಿ ಎಂದೇ ಹೇಳಿದೆ. ನಿಮ್ಮ ತಾಯಿಗೆ ಸಿಕ್ಕ ಆರಾಮದ ಬಹುಪಾಲು ಅಸೆಕ್ಲೋಫೆನಾಕ್‌ನದ್ದು. ತೊಂದರೆಯೂ ಅಲ್ಲಿಂದಲೇ.

ಡಾಕ್ಟರು ಬರೆದದ್ದರಲ್ಲಿ ತಪ್ಪಿಲ್ಲ. ಅಸೆಕ್ಲೋಫೆನಾಕ್ ದಿನಕ್ಕೆ 200 ಮಿ.ಗ್ರಾಂ. ಮೀರಬಾರದು, ಅಂದರೆ ಇಂಥ ಎರಡು ಮಾತ್ರೆ. ಅವರು ಅಷ್ಟನ್ನೇ ಕೊಟ್ಟಿದ್ದಾರೆ, ಐದೇ ದಿನಕ್ಕೆ. ಚೀಟಿಯ ಮೇಲಿದ್ದ ಆ ಐದು ದಿನವೂ ಚಿಕಿತ್ಸೆಯ ಭಾಗವೇ ಆಗಿತ್ತು. ಖಾಲಿ ಸ್ಟ್ರಿಪ್ಪಿನಲ್ಲಿ ಮದ್ದಿನ ಹೆಸರಿರುತ್ತದೆ, ಎಷ್ಟು ದಿನ ಎನ್ನುವುದು ಇರುವುದಿಲ್ಲ. ಅದನ್ನು ತೋರಿಸಿದವರಿಗೆ ಅಂಗಡಿಯವರು ಮಾತ್ರೆ ಕೊಡುತ್ತಲೇ ಹೋಗುತ್ತಾರೆ. ಕೊಡಬಾರದು, ಇದು ಚೀಟಿ ನೋಡಿಯೇ ಕೊಡಬೇಕಾದ ಮದ್ದು. ಆದರೆ ಊರಿನ ಪರಿಚಯ, ದಿನಾ ನೋಡುವ ಮುಖ. ನಡೆಯುವುದು ಹೀಗೆಯೇ, ಅಲ್ವಾ?

ಐದು ದಿನ ಸರಿ, ಎಂಟು ತಿಂಗಳು ಯಾಕೆ ಸರಿಯಲ್ಲ? ಮಂಡಿಯಲ್ಲಿ ನೋವು, ಬಾವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳ ತಯಾರಿಯನ್ನು ಈ ಮದ್ದು ತಡೆಯುತ್ತದೆ. ಅವೇ ವಸ್ತುಗಳು ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತವೆ. ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗದಂತೆ ನೋಡಿಕೊಳ್ಳುವುದೂ ಅವೇ. ಮದ್ದಿಗೆ ಮಂಡಿ ಯಾವುದು, ಹೊಟ್ಟೆ ಯಾವುದು ಎಂದು ಗೊತ್ತಾಗುವುದಿಲ್ಲ. ಎಲ್ಲ ಕಡೆಯೂ ತಡೆಯುತ್ತದೆ. ಗಟ್ಟಿಮುಟ್ಟಾದ ಮೂವತ್ತರ ಹುಡುಗ ಬಿದ್ದು ಕಾಲು ಉಳುಕಿಸಿಕೊಂಡಾಗ ನಾಲ್ಕು ದಿನ ನುಂಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. 66ರ ಅಮ್ಮನ ಕಿಡ್ನಿ, ಅದೂ ಬಿಪಿ ಮತ್ತು ಶುಗರ್ ಇರುವ ಕಿಡ್ನಿ, ಅಷ್ಟು ತಡೆದುಕೊಳ್ಳುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಈ ಮಾತ್ರೆಯ ಪಕ್ಕದಲ್ಲಿರುವ ಬಿಪಿ ಮಾತ್ರೆ. ಅದು ಒಳ್ಳೆಯ ಮದ್ದೇ. ಆದರೆ ಅದರಲ್ಲಿರುವ ಎರಡು ಮದ್ದು, ಜೊತೆಗೆ ಅಸೆಕ್ಲೋಫೆನಾಕ್, ಹೀಗೆ ಮೂರೂ ಒಟ್ಟಿಗೆ ಸೇರಿದಾಗ ಏನಾಗುತ್ತದೆ ನೋಡಿ. ನಿಮ್ಮದು ಅಡಿಕೆ ತೋಟದ ಸೀಮೆ, ಪೈಪಿನ ಲೆಕ್ಕದಲ್ಲೇ ಹೇಳುತ್ತೇನೆ. ಕಿಡ್ನಿಯ ಸೋಸುವ ಗಂಟಿಗೆ ರಕ್ತ ಒಳಗೆ ಬರುವ ಒಂದು ವಾಲ್ವು, ಹೊರಗೆ ಹೋಗುವ ಒಂದು ವಾಲ್ವು ಇದೆ ಎಂದುಕೊಳ್ಳಿ. ಎರಡರ ನಡುವೆ ಪ್ರೆಶರ್ ಇದ್ದರೆ ಮಾತ್ರ ಸೋಸುವ ಕೆಲಸ ನಡೆಯುತ್ತದೆ. ಅಸೆಕ್ಲೋಫೆನಾಕ್ ಒಳಗೆ ಬರುವ ವಾಲ್ವನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರಗೆ ಹೋಗುವ ವಾಲ್ವನ್ನು ಸಡಿಲ ಬಿಡುತ್ತದೆ. ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಟ್ಯಾಂಕಿಯ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಆದರೆ ಪ್ರೆಶರ್ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ನೀರು ಕಮ್ಮಿ ಕುಡಿದಾಗ, ವಾಂತಿ ಭೇದಿ ಆದಾಗ, ಕ್ರಿಯಾಟಿನಿನ್ ಒಮ್ಮೆಲೇ ಏರುವುದು ಇಂಥವರಲ್ಲೇ. ಇದರ ಮೇಲೆ ಅಸೆಕ್ಲೋಫೆನಾಕ್ ಉಪ್ಪು, ನೀರನ್ನು ದೇಹದಲ್ಲಿ ಹಿಡಿದಿಡುತ್ತದೆ. ಬಿಪಿ ಏರುತ್ತದೆ, ಪಾದ ಊದುತ್ತದೆ. ಬಿಪಿ ಹತೋಟಿಗೆ ಬರುತ್ತಿಲ್ಲ ಎಂದು ಬಿಪಿ ಮಾತ್ರೆಯ ಡೋಸು ಏರಿಸಿಕೊಂಡು ಹೋಗುವ, ಆದರೆ ನೋವಿನ ಮಾತ್ರೆಯ ಸುದ್ದಿಯನ್ನೇ ಎತ್ತದ ಎಷ್ಟೋ ಮಂದಿ ಇದ್ದಾರೆ. ಡಾಕ್ಟರು ಏನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಬಿಪಿ, ಶುಗರ್ ಮಾತ್ರೆ ಹೇಳುತ್ತಾರೆ. ಮಂಡಿ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ.

ಕ್ರಿಯಾಟಿನಿನ್ ಏರಿದ್ದರೆ ಮೆಟ್‌ಫಾರ್ಮಿನ್ ಡೋಸನ್ನೂ ಮತ್ತೆ ನೋಡಬೇಕಾಗುತ್ತದೆ. ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ.

ಒಂದು ಅಡ್ಡ ಮಾತು. ನಮ್ಮ ದೇಶದ ರಣಹದ್ದುಗಳು ಬಹುತೇಕ ನಾಶವಾದದ್ದು ಇದೇ ಗುಂಪಿನ ಮದ್ದಿನಿಂದ. ದನಗಳಿಗೆ ಡೈಕ್ಲೋಫೆನಾಕ್ ಕೊಡುತ್ತಿದ್ದರು. ಸತ್ತ ದನವನ್ನು ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿದರು. ಅಸೆಕ್ಲೋಫೆನಾಕ್ ಕೊಟ್ಟರೂ ದನದ ಮೈಯಲ್ಲಿ ಅದು ಡೈಕ್ಲೋಫೆನಾಕ್ ಆಗುತ್ತದೆ ಎಂದು ತಿಳಿದು 2023ರಲ್ಲಿ ಅದನ್ನೂ ಪ್ರಾಣಿಗಳಿಗೆ ಕೊಡಬಾರದೆಂದು ಮಾಡಿದರು. ನಮ್ಮ ರಾಮನಗರದ ರಾಮದೇವರ ಬೆಟ್ಟದ ಹದ್ದುಗಳ ಮಟ್ಟಿಗೆ ಇದು ಒಳ್ಳೆಯ ಸುದ್ದಿ. ಮನುಷ್ಯರ ಕಿಡ್ನಿ ಹದ್ದಿನದಷ್ಟು ಸೂಕ್ಷ್ಮ ಅಲ್ಲ, ಹೋಲಿಸಿ ಹೆದರಬೇಡಿ.

ಬ್ಯಾನ್ ವಿಷಯಕ್ಕೆ ಬರೋಣ. ವಾಟ್ಸಾಪ್ ಸುದ್ದಿ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಜೋಡಿ ಮದ್ದುಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಅಸೆಕ್ಲೋಫೆನಾಕ್ 50, ಪ್ಯಾರಾಸಿಟಮಾಲ್ 125 ಇರುವ ಮಾತ್ರೆ ಇತ್ತು. ನಿಮ್ಮ ತಾಯಿಯದು 100 ಮತ್ತು 325. ಅದು ಬೇರೆ. ಹಾಗೆಂದು ಬ್ಯಾನ್ ಆಗಿಲ್ಲ ಎನ್ನುವುದನ್ನೇ ಅಮ್ಮನಿಗೆ ಒಗ್ಗುತ್ತದೆ ಎನ್ನುವುದಕ್ಕೆ ಆಧಾರ ಮಾಡಿಕೊಳ್ಳಬೇಡಿ.

ಸ್ಟ್ರಿಪ್ ತಿರುಗಿಸಿ ಓದುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ಬೇರೆ ಬೇರೆ ಅಕ್ಷರ ಇರುತ್ತವೆ. ಪಿ ಇದ್ದರೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸೇರಿದೆ. ಎಸ್‌ಪಿ ಇದ್ದರೆ ಸೆರಾಶಿಯೋಪೆಪ್ಟಿಡೇಸ್ ಕೂಡ ಇರುತ್ತದೆ. ಎಂಆರ್ ಎಂದಿದ್ದರೆ ಸ್ನಾಯು ಸಡಿಲಿಸುವ ಟಿಜಾನಿಡಿನ್‌ನಂಥದ್ದು. ಅದು ಮಂಪರು ತರುತ್ತದೆ, ಬಿಪಿ ಇಳಿಸುತ್ತದೆ, ರಾತ್ರಿ ಬಚ್ಚಲಿಗೆ ಎದ್ದ ವಯಸ್ಸಾದವರು ಬೀಳುತ್ತಾರೆ. ಅಂಗಡಿಯಲ್ಲಿ "ಅದು ಇಲ್ಲ, ಇದು ತಗೊಳ್ಳಿ, ಒಂದೇ" ಎಂದಾಗ ಹೆಚ್ಚಾಗಿ ಬದಲಾಗುವುದು ಈ ಬಾಲವೇ. ಸೆರಾಶಿಯೋಪೆಪ್ಟಿಡೇಸ್ ಬಗ್ಗೆ ನನಗೆ ಯಾವತ್ತೂ ಒಲವಿಲ್ಲ. ರೇಷ್ಮೆ ಹುಳದ ಕರುಳಿನ ಬ್ಯಾಕ್ಟೀರಿಯಾದಿಂದ ಬಂದ ಕಿಣ್ವ ಅದು. ಜಪಾನಿನಲ್ಲಿ ಅದನ್ನು ಮಾರುತ್ತಿದ್ದ ಟಕೇಡಾ ಕಂಪನಿ, ಪರೀಕ್ಷೆಗಳಲ್ಲಿ ಪರಿಣಾಮ ಕಾಣಲಿಲ್ಲ ಎಂದು 2011ರಲ್ಲಿ ತಾನೇ ಮಾರಾಟ ನಿಲ್ಲಿಸಿತು. ನಮ್ಮಲ್ಲಿ ಇನ್ನೂ ಬರೆಯುತ್ತಾರೆ. ಮಂಡಿ ಸವೆತಕ್ಕೆ ಅದರಿಂದ ದುಡ್ಡು ಖರ್ಚು ಬಿಟ್ಟರೆ ಹೇಳಿಕೊಳ್ಳುವಂಥ ಲಾಭ ಇಲ್ಲ.

ಸ್ಟ್ರಿಪ್ ಓದುವುದಕ್ಕೆ ಇನ್ನೊಂದು ಕಾರಣ ಇದೆ. ಜೋಡಿ ಮಾತ್ರೆ ನುಂಗುತ್ತಿರುವಾಗ ಜ್ವರ ಬಂತು, ಡೋಲೋ 650 ಹಾಕಿಕೊಂಡರು. ಸಂಜೆ ತಲೆನೋವು ಎಂದು ಕಾಂಬಿಫ್ಲಾಮ್. ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಬೇರೆ ಇದೆ, ಅದೂ ಅಸೆಕ್ಲೋಫೆನಾಕ್ ಗುಂಪಿನದ್ದೇ. ಎರಡು ಸೇರಿದರೆ ನೋವು ಹೆಚ್ಚೇನೂ ಇಳಿಯುವುದಿಲ್ಲ, ಹೊಟ್ಟೆಯಲ್ಲಿ ಹುಣ್ಣಾಗುವ ಅಪಾಯ ಮಾತ್ರ ಏರುತ್ತದೆ. ಪ್ಯಾರಾಸಿಟಮಾಲ್ ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು ಎನ್ನುವುದು ಆರೋಗ್ಯವಂತರ ಲೆಕ್ಕ. ವಯಸ್ಸಾದವರು, ತೂಕ ಕಡಿಮೆ ಇರುವವರು, ದಿನಾ ಮದ್ಯ ಕುಡಿಯುವವರು, ಲಿವರ್ ತೊಂದರೆ ಇರುವವರಿಗೆ ನಾವು 2ರಿಂದ 3 ಗ್ರಾಂ ಒಳಗೇ ನಿಲ್ಲಿಸುತ್ತೇವೆ. ಮಳೆಗಾಲದಲ್ಲಿ ಜ್ವರ ಬಂದರೆ ಮಂಡಿ ಮಾತ್ರೆಯನ್ನು ಪಕ್ಕಕ್ಕಿಡಿ. ಡೆಂಗಿ ಆಗಿದ್ದರೆ ಈ ಗುಂಪಿನ ಮದ್ದಿನಿಂದ ರಕ್ತಸ್ರಾವದ ಭಯ ಇದೆ. ಆಗ ಬರೀ ಪ್ಯಾರಾಸಿಟಮಾಲ್ ಸಾಕು.

ಎಕೋಸ್ಪ್ರಿನ್ ಯಾಕೆ ಕೊಟ್ಟಿದ್ದಾರೆ ಎಂದು ನೀವು ಬರೆದಿಲ್ಲ. ಅದು ಬಹಳ ಮುಖ್ಯ. ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತೇ, ಸ್ಟೆಂಟ್ ಹಾಕಿದ್ದಾರೆಯೇ, ಪಾರ್ಶ್ವವಾಯು ಹೊಡೆದಿತ್ತೇ? ಹೌದಾದರೆ ಅಸೆಕ್ಲೋಫೆನಾಕ್ ಅಮ್ಮನಿಗೆ ಐದು ದಿನಕ್ಕೂ ಬೇಡ. ಈ ಗುಂಪಿನ ಮದ್ದುಗಳು ಹೃದಯಕ್ಕೆ ಹೊರೆ ಎಂದು ಲೋಕಕ್ಕೆ ಜೋರಾಗಿ ಗೊತ್ತಾದದ್ದು 2004ರಲ್ಲಿ, ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದಾಗ. ಯುರೋಪಿನಲ್ಲಿ 2013ರಲ್ಲಿ ಡೈಕ್ಲೋಫೆನಾಕ್ ಮೇಲೆ ಕಟ್ಟುನಿಟ್ಟು ಬಂತು. ಹೃದಯ ರೋಗ, ಪಾರ್ಶ್ವವಾಯು, ಕಾಲಿನ ರಕ್ತನಾಳ ಕಟ್ಟಿದವರಿಗೆ ಕೊಡಬಾರದು ಎಂದರು. ಮುಂದೆ ಅಸೆಕ್ಲೋಫೆನಾಕ್‌ಗೂ ಅದೇ ನಿಯಮ ಬಂತು. ಹೃದಯದ ತೊಂದರೆ ಏನೂ ಇಲ್ಲ, ಮುಂಜಾಗ್ರತೆಗೆ ಎಂದು ಎಕೋಸ್ಪ್ರಿನ್ ಕೊಟ್ಟಿದ್ದರೂ ಎರಡೂ ಸೇರಿದಾಗ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಜಾಸ್ತಿ. ರಕ್ತ ತೆಳು ಮಾಡುವ ಕ್ಲೋಪಿಡೋಗ್ರೆಲ್, ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಆಸ್ಪಿರಿನ್ ನುಂಗಿದರೆ ಉಬ್ಬಸ ಬರುವವರು ಈ ಮಾತ್ರೆಯನ್ನು ಮುಟ್ಟಲೇಬಾರದು.

ಊಟ ಆದ ಮೇಲೆ ತೆಗೆದುಕೊಂಡರೆ ಹೊಟ್ಟೆಗೆ ಏನೂ ಆಗಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಊಟದ ಮೇಲೆ ತೆಗೆದುಕೊಂಡರೆ ಉರಿ, ಸಂಕಟ ಕಡಿಮೆ ಆಗಬಹುದು. ಹುಣ್ಣು ತಪ್ಪುವುದಿಲ್ಲ. ಯಾಕೆಂದರೆ ಮದ್ದು ರಕ್ತಕ್ಕೆ ಸೇರಿ, ರಕ್ತದ ಮೂಲಕವೇ ಹೊಟ್ಟೆಯ ಪದರವನ್ನು ಸೊರಗಿಸುತ್ತದೆ. 65 ದಾಟಿದವರಿಗೆ ಈ ಮಾತ್ರೆ ಕೊಡಲೇಬೇಕಾದರೆ ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಕೊಡುತ್ತೇವೆ. ಅದು ಹೊಟ್ಟೆಯನ್ನು ಕಾಯುತ್ತದೆ, ಕಿಡ್ನಿಯನ್ನಲ್ಲ. ಗ್ಯಾಸಿನ ಮಾತ್ರೆ ಇದೆಯಲ್ಲ ಎಂಬ ಧೈರ್ಯದಲ್ಲಿ ನೋವಿನ ಮಾತ್ರೆ ಮುಂದುವರಿಸುವುದು ತಪ್ಪು ಲೆಕ್ಕ. ವಯಸ್ಸಾದ ಕೆಲವರಲ್ಲಿ ಹೊಟ್ಟೆ ನೋವೇ ಇಲ್ಲದೆ ನೇರ ರಕ್ತಸ್ರಾವ ಆಗುತ್ತದೆ. ಸುಸ್ತು, ಬಿಳಿಚಿದ ಮುಖ, ಇಳಿದ ಹಿಮೋಗ್ಲೋಬಿನ್ ನೋಡಿ ಆಮೇಲೆ ಗೊತ್ತಾಗುತ್ತದೆ. ಅದಕ್ಕೇ ಹಿಮೋಗ್ಲೋಬಿನ್ ಕೂಡ ನೋಡಿಸಿ ಎಂದದ್ದು.

ಡಯಾಸೆರಿನ್–ಗ್ಲುಕೋಸಮೈನ್ ಪ್ರಶ್ನೆ. ಇದಕ್ಕೆ ಬದಲಾಯಿಸಿ ಎಂದು ನಾನು ಹೇಳುವುದಿಲ್ಲ. ಡಯಾಸೆರಿನ್ ನಿಧಾನಕ್ಕೆ ಕೆಲಸ ಮಾಡುವ ಮದ್ದು, ಗುಣ ಕಾಣಲು ವಾರಗಳೇ ಬೇಕು. ಅದರ ದೊಡ್ಡ ತೊಂದರೆ ಭೇದಿ. ಕೆಲವರಿಗೆ ಲಿವರಿಗೂ ಪೆಟ್ಟಾಗಿದೆ. ಈ ಕಾರಣಕ್ಕೆ ಯುರೋಪಿನ ಔಷಧಿ ಸಂಸ್ಥೆ 2014ರಲ್ಲಿ 65 ದಾಟಿದವರಿಗೆ ಡಯಾಸೆರಿನ್ ಬೇಡ ಎಂದಿತು. ನಿಮ್ಮ ತಾಯಿಗೆ 66. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಭೇದಿಯೂ ಆದರೆ ಕಿಡ್ನಿಯ ಗತಿ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಮೂತ್ರ ಕಂದು ಕೆಂಪಾಗುವುದು ಮಾತ್ರ ಆ ಮದ್ದಿನ ಬಣ್ಣ, ಅದಕ್ಕೆ ಹೆದರಬೇಕಿಲ್ಲ. ಗ್ಲುಕೋಸಮೈನ್ ಬಗ್ಗೆ ಹೇಳುವುದು ಕಡಿಮೆ. ದೊಡ್ಡ ಅಪಾಯ ಇಲ್ಲ, ದೊಡ್ಡ ಉಪಯೋಗವೂ ಇಲ್ಲ. ತಿಂಗಳ ಖರ್ಚು ಮಾತ್ರ ಖಚಿತ. ಸವೆದ ಮೂಳೆಯ ತುದಿಯ ಮೆತ್ತೆ ಅದರಿಂದ ತಿರುಗಿ ಬೆಳೆಯುವುದಿಲ್ಲ. ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಶುರು ಮಾಡಬಾರದು.

ಇದರ ನಡುವೆ ಯಾರಾದರೂ ಮೂರೇ ದಿನದಲ್ಲಿ ನೋವು ಮಾಯ ಎಂದು ಹೆಸರಿಲ್ಲದ ಪುಡಿ, ಗುಳಿಗೆ ತಂದುಕೊಟ್ಟರೆ ಅದನ್ನು ಬಚ್ಚಲಿಗೆ ಸುರಿಯಿರಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹೊಸ ಸಂಗತಿಯೇನಲ್ಲ. ಮುಖ ಊದಿ, ಶುಗರ್ ಗಗನಕ್ಕೇರಿದ ಮೇಲೆ ಬರುತ್ತಾರೆ.

ಹಾಗಾದರೆ ನೋವಿಗೆ ಏನು? ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅನ್ನು ನಮ್ಮ ಜನ ತೀರಾ ಕಡೆಗಣಿಸುತ್ತಾರೆ. ಮಂಡಿ ಸವೆತದಲ್ಲಿ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಅದು. ಮಂಡಿ ಚರ್ಮಕ್ಕೆ ಹತ್ತಿರ ಇರುವ ಕೀಲು, ಮದ್ದು ಇಳಿಯುತ್ತದೆ. ರಕ್ತಕ್ಕೆ ಸೇರುವುದು ನುಂಗುವ ಮದ್ದಿನ ನೂರಕ್ಕೆ ಆರು ಪಾಲು ಮಾತ್ರ. ಆದರೆ ಒಂದು ಚುಕ್ಕಿ ಹಚ್ಚಿ ಒರೆಸಿದರೆ ಆಗದು. 1 ಪರ್ಸೆಂಟ್ ಜೆಲ್ ಆದರೆ ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ ಎಂದು ಲೆಕ್ಕ. 30 ಗ್ರಾಂ ಟ್ಯೂಬ್ ಎಷ್ಟು ದಿನ ಬರುತ್ತದೆ ನೀವೇ ಲೆಕ್ಕ ಹಾಕಿ. ಅದಕ್ಕೇ ಹೆಚ್ಚಿನವರು ಅರೆಬರೆ ಹಚ್ಚಿ, ಏನೂ ಉಪಯೋಗ ಇಲ್ಲ ಎನ್ನುತ್ತಾರೆ. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಬಟ್ಟೆ ಬಿಗಿದು ಕಟ್ಟಬೇಡಿ, ಗಾಯ ಇದ್ದಲ್ಲಿ ಹಚ್ಚಬೇಡಿ. ಅಮ್ಮನ ವಿಷಯದಲ್ಲಿ ಮಾತ್ರ ಕ್ರಿಯಾಟಿನಿನ್ ರಿಪೋರ್ಟ್ ಬಂದ ಮೇಲೆ ಡಾಕ್ಟರನ್ನು ಕೇಳಿ ಶುರು ಮಾಡಿ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ 500, ಆರು ಗಂಟೆ ಬಿಟ್ಟು, ದಿನಕ್ಕೆ ಮೂರರ ಒಳಗೆ, ಲಿವರ್ ತೊಂದರೆ ಮೊದಲೇ ಇಲ್ಲದಿದ್ದರೆ. ಜೊತೆಗೆ ಬಿಸಿ ಶಾಖ.

ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆರಾಮ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು. ಪ್ರತಿ ಕಾಲಿಗೆ ಹತ್ತು ಸಲ, ಬೆಳಗ್ಗೆ ಮತ್ತು ಸಂಜೆ. ಮೊದಲ ವಾರ ಸ್ವಲ್ಪ ನೋಯುತ್ತದೆ, ಬಿಡಬೇಡಿ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಮಾತ್ರೆಯ ಆರಾಮಕ್ಕೆ ಒಗ್ಗಿದವರಿಗೆ ಇದು ತೀರಾ ನಿಧಾನ ಎನಿಸುತ್ತದೆ. ಏನು ಮಾಡೋಣ, ಇರುವುದೇ ಹಾಗೆ. ತೂಕ ಜಾಸ್ತಿ ಇದ್ದರೆ ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಹೆಚ್ಚು ನೋಯುವ ಕಾಲಿನ ಎದುರು ಕೈಯಲ್ಲಿ ಊರುಗೋಲು ಹಿಡಿಯಲಿ. ಕುಕ್ಕರುಗಾಲಲ್ಲಿ ಕೂತು ಅಂಗಳ ಗುಡಿಸುವುದು, ನೆಲದಲ್ಲಿ ಕೂತು ಅಡಿಕೆ ಸುಲಿಯುವುದು ಬೇಡ. ಸುಲಿಯುವ ಕತ್ತಿಮಣೆಯನ್ನು ಎತ್ತರದ ಬೆಂಚಿಗೆ ಹಾಕಿಸಿಕೊಡಿ. ಕಮೋಡ್ ಇಲ್ಲದಿದ್ದರೆ ಹಾಕಿಸಿ. ಹಿರಿಯರು ಒಲ್ಲೆ ಎನ್ನುತ್ತಾರೆ, ನೀವು ಹಾಕಿಸಿಬಿಡಿ. ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ ಮಂಡಿಯೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ಡುಲಾಕ್ಸೆಟಿನ್ ಮಾತ್ರೆ, ಕೊನೆಗೆ ಮಂಡಿ ಬದಲಾವಣೆ ಆಪರೇಷನ್ ಇವೆ. ಇಂಜೆಕ್ಷನ್ ಆದಮೇಲೆ ಕೆಲವು ದಿನ ಶುಗರ್ ಏರುತ್ತದೆ, ಗೊತ್ತಿರಲಿ.

ಇನ್ನು ಗೃಹಪ್ರವೇಶ. ರಿಪೋರ್ಟ್ ಚೆನ್ನಾಗಿದ್ದು, ಊತ ಇಳಿದು, ಬಿಪಿ ಹತೋಟಿಯಲ್ಲಿದ್ದು, ಹೃದಯದ ತೊಂದರೆ ಇಲ್ಲದಿದ್ದರೆ, ಅಂಥ ಎರಡು ದಿನದ ಮಟ್ಟಿಗೆ ದಿನಕ್ಕೊಂದು ಮಾತ್ರೆ, ಜೊತೆಗೆ ಬೆಳಗ್ಗೆ ಪ್ಯಾಂಟೊಪ್ರಜೋಲ್ ಕೊಡಲು ನಿಮ್ಮ ಡಾಕ್ಟರು ಒಪ್ಪಬಹುದು. ಕೇಳಿ ನೋಡಿ. ಕ್ರಿಯಾಟಿನಿನ್ ಏರಿದ್ದರೆ ಅದೂ ಇಲ್ಲ. ಆಗ ಪೂಜೆಗೆ ಅಮ್ಮನಿಗೊಂದು ಕುರ್ಚಿ ಹಾಕಿಸಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಟ್ಯೂಬ್, ಪುಡಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಈ ಎಂಟು ತಿಂಗಳ ಕಥೆಯನ್ನು ಮುಚ್ಚಿಡದೆ ಹೇಳಿ. ಬೈದರೆ ಬೈಸಿಕೊಳ್ಳಿ.